ಮೂವತ್ತೇಳು ಸಹಿ

ಕೋವಿಲ್ಕಾಳ ಹೊಲಿಗೆ ಯಂತ್ರದ ಸೂಜಿಗೆ ದಿನಾ ಬೆಳಿಗ್ಗೆ ಯಾರಾದರೊಬ್ಬರು ದಾರ ಪೋಣಿಸಿಡುತ್ತಿದ್ದರು. ಹನ್ನೊಂದು ವರ್ಷದಿಂದ ಹೀಗೇ ನಡೆದುಬಂದಿತ್ತು. ಅವಳ ಕಣ್ಣು ಮಂಜಾಗುತ್ತಿರುವುದು ಮೇಲಿನವರಿಗೆ ತಿಳಿದರೆ ಗುಡಿಸುವ ಕೆಲಸಕ್ಕೆ ಹಾಕುತ್ತಾರೆ ಎಂಬ ಭಯ ಎಲ್ಲರಿಗೂ ಇತ್ತು. ಯಾರು ಪೋಣಿಸುತ್ತಾರೆಂದು ಕೋವಿಲ್ಕಾ ಕೇಳಲಿಲ್ಲ, ಪೋಣಿಸಿದವರೂ ಹೇಳಲಿಲ್ಲ. ಮೊದಲು ಬಂದವರು ಪೋಣಿಸುವುದು, ಅಷ್ಟೆ.

ಯಾಸೆನ್ ಕಾರು ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿಯುವ ವಿಭಾಗ ಅಂಥದ್ದು. ಮೂವತ್ತೆಂಟು ಹೆಂಗಸರು, ಮೂವತ್ತೆಂಟು ಯಂತ್ರ. ಯುದ್ಧದಲ್ಲಿ ಬಾಂಬು ಬಿದ್ದ ವರ್ಷ ಛಾವಣಿ ಹಾರಿಹೋದಾಗ ಆ ಯಂತ್ರಗಳನ್ನು ಇದೇ ಹೆಂಗಸರು ಇಬ್ಬಿಬ್ಬರಾಗಿ ಹೊತ್ತು ಶಾಲೆಯ ಆಟದ ಕೋಣೆಗೆ ಸಾಗಿಸಿ, ಅಲ್ಲೇ ಕೂತು ಹೊಲಿದಿದ್ದರು. ಸ್ಮಿಲ್ಯಾ ಅವರ ಮುಖ್ಯಸ್ಥೆ. ಆ ಹೆಸರಿನ ಹುದ್ದೆ ಕಾಗದದಲ್ಲಿ ಇರಲಿಲ್ಲ. ಮೂವತ್ತೊಂದು ವರ್ಷ ಒಂದೇ ಕಿಟಕಿಯ ಕೆಳಗೆ ಕೂತವಳಾದ್ದರಿಂದ ರಜೆ ಬೇಕಾದವರು, ಗಂಡನ ಜೊತೆ ಜಗಳವಾದವರು, ರೆಕ್ಸಿನ್ ಅಡ್ಡ ಕತ್ತರಿಸಿ ಹೆದರಿದವರು ಎಲ್ಲರೂ ಮೊದಲು ಅವಳ ಹತ್ತಿರ ಬರುತ್ತಿದ್ದರು.

ಒಂದು ಕಾಲಕ್ಕೆ ಸೆರ್ಬಿಯಾದ ಮದುಮಕ್ಕಳು ಚರ್ಚಿನಿಂದ ಮನೆಗೆ ಹೋಗುತ್ತಿದ್ದದ್ದು ಯಾಸೆನ್‌ನಲ್ಲಿ. ಈಗ ಅದನ್ನು ಕೊಳ್ಳುವವರಿರಲಿಲ್ಲ. ಆ ವರ್ಷ ಮೇ ತಿಂಗಳಿಂದಲೇ ಉತ್ಪಾದನೆ ನಿಂತಿತ್ತು. ಆದರೂ ಹೆಂಗಸರು ಏಳು ಗಂಟೆಗೆ ಬಂದು, ಯಂತ್ರಗಳ ಧೂಳು ಒರೆಸಿ, ಇಸ್ತ್ರಿಪೆಟ್ಟಿಗೆಯನ್ನು ಮಗುಚಿಟ್ಟು ಅದರ ಮೇಲೆ ಕಾಫಿ ಕುದಿಸಿ ಕುಡಿದು, ಮೂರು ಗಂಟೆಗೆ ಮನೆಗೆ ಹೋಗುತ್ತಿದ್ದರು. ಸ್ಪೇನಿನ ಕಾರ್ವಾಲ್ ಎಂಬ ಕಂಪನಿ ಯಾಸೆನ್ ಜೊತೆ ಸೇರಿಕೊಳ್ಳುತ್ತದಂತೆ ಎಂಬ ಸುದ್ದಿ ಜೂನ್‌ನಲ್ಲಿ ಬಂತು.

"ನನಗೇನೂ ಯೋಚನೆ ಇಲ್ಲ ಕಣ್ರೇ," ಅಂದಳು ರೂಜಾ. ವಿಭಾಗದಲ್ಲಿ ಬಾಯಿ ಅಂದರೆ ಅವಳದೇ. "ಹದಿನೈದು ವರ್ಷ ಟೀವೀಲಿ ಅವರ ಧಾರಾವಾಹಿ ನೋಡಿ ನೋಡಿ ನಂಗೆ ಸ್ಪ್ಯಾನಿಷ್ ಬಂದಿದೆ."

"ಏನು ಬರುತ್ತೆ, ಹೇಳು ನೋಡೋಣ."

"ನನ್ನ ಬಿಟ್ಟು ಹೋಗ್ಬೇಡ ಆಲ್ಬೆರ್ತೋ, ಈ ಮಗು ನಿಂದೇ!"

ನಕ್ಕೂ ನಕ್ಕೂ ಕೋವಿಲ್ಕಾ ಕಣ್ಣೊರೆಸಿಕೊಂಡಳು. ಆಗಸ್ಟಿನಲ್ಲಿ ಎಲ್ಲರನ್ನೂ ಮನೆಯಲ್ಲೇ ಇರಿ ಎಂದು ಕಳಿಸಿದರು.

ಆ ತಿಂಗಳ ಒಂದು ಭಾನುವಾರ ಒಬ್ರೆನ್ ಸ್ಮಿಲ್ಯಾಳ ಮನೆಗೆ ಬಂದ. ಅವನು ಕಾರ್ಖಾನೆಯ ಕಾರ್ಮಿಕ ಸಂಘದ ಅಧ್ಯಕ್ಷ. ಎಡಗೈಯ ಎರಡು ಬೆರಳು ತಗಡು ಒತ್ತುವ ಯಂತ್ರಕ್ಕೆ ಹೋಗಿದ್ದವು. ಅದಕ್ಕಿಂತ ದೊಡ್ಡ ವಿಷಯವೆಂದರೆ ಅವನು ಈ ಮನೆಯ ಕೂಮ್. ಸ್ಮಿಲ್ಯಾಳ ಮದುವೆಯಲ್ಲಿ ಅವಳ ಗಂಡ ಮಿಲೂತಿನನ ಪಕ್ಕದಲ್ಲಿ ಸಾಕ್ಷಿಯಾಗಿ ನಿಂತವನು; ಅವಳ ಮಗಳನ್ನು ಚರ್ಚಿನಲ್ಲಿ ಎತ್ತಿಕೊಂಡು ಹೆಸರಿಟ್ಟವನು. ಅವನ ಅಪ್ಪ ಮಿಲೂತಿನನ ಅಪ್ಪನಿಗೆ ಕೂಮ್ ಆಗಿದ್ದ, ಅಜ್ಜ ಅಜ್ಜನಿಗೆ; ಸ್ಮಿಲ್ಯಾ ಅವನಿಗೆ ಕೂಮಾ. ಅಣ್ಣತಮ್ಮಂದಿರು ಬೇಲಿಗಾಗಿ ಮಾತು ಬಿಡುವುದುಂಟು, ಗಂಡಹೆಂಡಿರು ಕೋರ್ಟಿಗೆ ಹೋಗುವುದುಂಟು. ಕೂಮ್ ಜೊತೆ ಅಂಥದ್ದು ಇಲ್ಲ. ಬಣ್ಣದ ವಿಭಾಗದ ಹೊಗೆ ಕುಡಿದು ಕುಡಿದು ಮಿಲೂತಿನನ ಶ್ವಾಸಕೋಶ ಕೆಟ್ಟಾಗ ಅವನನ್ನು ಒಂದು ಚಳಿಗಾಲವಿಡೀ ವಾರಕ್ಕೊಮ್ಮೆ ಬೆಲ್‌ಗ್ರೇಡಿನ ಆಸ್ಪತ್ರೆಗೆ ಕರೆದುಕೊಂಡು ಹೋದದ್ದು ಒಬ್ರೆನ್, ತನ್ನದೇ ಕಾರಿನಲ್ಲಿ, ರೋಗಿಯ ಕಾಲಿಗೆ ತನ್ನ ಮೇಲಂಗಿ ಹೊದಿಸಿ.

ದ್ರಾಕ್ಷಿ ಚಪ್ಪರದ ಕೆಳಗೆ ಕೂತು ಅವನು ರಾಕಿಯಾ ಎಂಬ ಹಣ್ಣಿನ ಸಾರಾಯಿಯ ಲೋಟ ಕೈಗೆ ತೆಗೆದುಕೊಂಡ, ಕುಡಿಯಲಿಲ್ಲ.

"ಕೂತ್ಕೋ ಕೂಮಾ. ನಿನ್ ಹತ್ರಾನೇ ಮಾತಾಡ್ಬೇಕು."

"ಕಾಫಿ ತರ್ತೀನಿ ಇರು."

"ಕಾಫಿ ಆಮೇಲೆ. ಮುಂದಿನ ತಿಂಗಳು ಕೋರ್ಟು ಯಾಸೆನ್ ದಿವಾಳಿ ಅಂತ ಹೇಳುತ್ತೆ. ಹೆದರ್ಬೇಡ. ಹಳೇ ಅಂಗಿ ಬಿಚ್ಚಿ ಹಾಕಿದ ಹಾಗೆ ಅಂದ್ಕೋ. ಸ್ಪೇನಿನವರ ಜೊತೆ ಹೊಸ ಕಂಪನಿ ಹುಟ್ಟುತ್ತೆ. ಆದ್ರೆ ಹಳೇ ಕೆಲಸಗಾರರು ಯಾರೂ ಆಮೇಲೆ ಬಂದು ಹಕ್ಕು ಕೇಳ್ಬಾರ್ದು ಅಂತಾರೆ ಅವರು. ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟಿದೀವಿ ಅಂತ ಎಲ್ರೂ ಸಹಿ ಹಾಕ್ಬೇಕು. ಆಮೇಲೆ ಹೊಸದಾಗಿ ತಗೋತಾರೆ."

"ಎಲ್ಲರನ್ನೂ?"

"ಬೇರೆ ಕಡೆ ಒಂದಿಷ್ಟು ಕಮ್ಮಿ ಆಗ್ಬಹುದು. ನಿಮ್ಮನ್ನ ಎಲ್ಲರನ್ನೂ. ಸೀಟಿಲ್ದೆ ಕಾರಾಗುತ್ತೇನೇ? ಜನ ನಿಂತ್ಕೊಂಡು ಹೋಗ್ತಾರಾ?" ಅವನು ನಕ್ಕ. "ಉಳಿದ ವಿಭಾಗದವರೆಲ್ಲ ಸಹಿ ಹಾಕಿದಾರೆ. ನಿಮ್ಮವರು ಮಾತ್ರ, ಆ ರೂಜಾ ಮಾತು ಕೇಳ್ಕೊಂಡು, ಬರೆದುಕೊಡಿ ಬರೆದುಕೊಡಿ ಅಂತ ಕೂತಿದಾರೆ. ಸ್ಪೇನಿನವರು ಶುಕ್ರವಾರದ ತನಕ ಕಾಯ್ತಾರೆ. ನಿನ್ನ ಮಾತನ್ನ ನಿಮ್ಮವರು ಕೇಳ್ತಾರೆ. ಮೂವತ್ತೆಂಟು ಜನಕ್ಕೂ ಕೆಲಸ. ನಾನು ಮಾತು ಕೊಡ್ತಿದೀನಿ."

ಸ್ಮಿಲ್ಯಾ ಗಂಡನ ಮುಖ ನೋಡಿದಳು. ಮಿಲೂತಿನ್ ಉಸಿರು ಎಳೆದುಕೊಂಡು, "ಕೂಮ್ ಹೇಳ್ತಿದಾನಲ್ಲ," ಅಂದ. ಅಲ್ಲಿಗೆ ಮಾತು ಮುಗಿಯಿತು. ಒಬ್ರೆನ್ ಲೋಟ ಎತ್ತಿ ಒಂದೇ ಗುಟುಕಿಗೆ ಕುಡಿದ.

ಅವನು ಬಿಟ್ಟುಹೋದ ಕಾಗದಗಳ ಕಟ್ಟನ್ನು ಚೀಲದಲ್ಲಿಟ್ಟುಕೊಂಡು ಸ್ಮಿಲ್ಯಾ ಮೂರು ದಿನ ಮನೆ ಮನೆ ತಿರುಗಿದಳು. ಪ್ರತಿ ಮನೆಯಲ್ಲೂ ಕಾಫಿ, ಪ್ರತಿ ಮನೆಯಲ್ಲೂ ಒಂದು ಚಮಚ ಹಣ್ಣಿನ ಪಾಕ. ಮೂವತ್ತು ಹೆಂಗಸರು ಹೆಚ್ಚು ಕೇಳದೆ ಸಹಿ ಹಾಕಿದರು. "ನೀನು ಹಾಕಿದೀಯಾ?" ಎಂದು ಕೇಳುವರು. "ನಂದೇ ಮೊದಲನೇದು," ಎಂದು ಸ್ಮಿಲ್ಯಾ ತೋರಿಸುವಳು. ಗಂಡ ಬಿಟ್ಟುಹೋಗಿ ಮಗನನ್ನು ಒಬ್ಬಳೇ ಸಾಕುತ್ತಿದ್ದ ಸ್ಲಾವಿತ್ಸಾ ಪೆನ್ನು ಹಿಡಿದು ತುಂಬ ಹೊತ್ತು ಕೂತಿದ್ದಳು.

"ಇದು ಹೋದ್ರೆ ನನಗೆ ಬೇರೆ ಏನೂ ಇಲ್ಲ, ಸ್ಮಿಲ್ಯಾ ಅಕ್ಕಾ."

"ನನಗೆ ಮಾತ್ರ ಇದೆಯಾ? ಕೂಮ್ ಮಾತು ಕೊಟ್ಟಿದಾನೆ. ನಾನು ನಿನಗೆ ಕೊಡ್ತಿದೀನಿ."

ಕೋವಿಲ್ಕಾ ಕಾಗದವನ್ನು ಓದಲು ಹೋಗಲಿಲ್ಲ. "ಎಲ್ಲಿ ಹಾಕ್ಬೇಕು, ಬೆರಳಿಡು," ಅಂದಳು. ಸ್ಮಿಲ್ಯಾ ಅವಳ ತೋರುಬೆರಳನ್ನು ಹಿಡಿದು ಗೆರೆಯ ಮೇಲಿಟ್ಟಳು. ಆ ಬೆರಳಿನ ತುದಿ ಸೂಜಿ ಚುಚ್ಚಿ ಚುಚ್ಚಿ ಒರಟಾಗಿತ್ತು.

ರೂಜಾಳನ್ನು ಸ್ಮಿಲ್ಯಾ ಕೊನೆಗೆ ಉಳಿಸಿಕೊಂಡಿದ್ದಳು. ರೂಜಾ ಕಾಫಿ ಕೊಟ್ಟು, ಕುಡಿದಾದ ಬಟ್ಟಲನ್ನು ತಟ್ಟೆಯ ಮೇಲೆ ಮಗುಚಿ, ತಳದ ಚರಟ ಇಳಿದ ಮೇಲೆ ಎತ್ತಿ ನೋಡಿದಳು. ಭವಿಷ್ಯ ಹೇಳುವುದು ಅವಳ ಹಳೆಯ ಆಟ.

"ದಾರಿ ಕಾಣುತ್ತೆ. ಒಂದು ಹದ್ದೋ ಕೋಳಿಯೋ ಕಾಣುತ್ತೆ. ಕಾರ್ಖಾನೆ ಗೇಟು ಮಾತ್ರ ಕಾಣಲ್ಲ."

"ರೂಜಾ, ತಮಾಷೆ ಸಾಕು."

"ತಮಾಷೆ ಅಲ್ಲ ಕಣೇ. ಒಂದು ಸಾಲು ಬರೆದು ಕೊಡ್ಲಿ ಅಂತೀನಿ. 'ಇವರನ್ನ ವಾಪಸ್ ತಗೋತೀವಿ.' ಅಷ್ಟು ಬರೆಯೋಕೆ ಅವನಿಗೆ ಇನ್ನೂ ಮೂರು ಬೆರಳಿದೆ, ಆ ಕೈಯಲ್ಲೇ."

ಸ್ಮಿಲ್ಯಾಳ ಮುಖ ಕೆಂಪಾಯಿತು. "ಕೂಮ್ ಹತ್ರ ಕಾಗದ ಕೇಳ್ಲಾ ನಾನು? ನೀನಾದ್ರೆ ನಿನ್ನ ಕೂಮ್ ಹತ್ರ ಕೇಳ್ತಿದ್ಯಾ?"

ರೂಜಾಳೂ ಕೇಳುತ್ತಿರಲಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಪೆನ್ನು ತೆಗೆದುಕೊಂಡು ದಪ್ಪ ಅಕ್ಷರದಲ್ಲಿ ಹೆಸರು ಬರೆದಳು.

"ನೋಡು, ಇದು ಒಬ್ರೆನ್‌ಗೆ ಹಾಕಿದ್ದಲ್ಲ. ನಿನಗೆ ಹಾಕಿದ್ದು."

ಮೂವತ್ತೇಳು ಸಹಿ, ತನ್ನದೂ ಸೇರಿ ಮೂವತ್ತೆಂಟು. ಗುರುವಾರ ಸಂಜೆ ಸ್ಮಿಲ್ಯಾ ಕಟ್ಟನ್ನು ಸಂಘದ ಕಚೇರಿಗೆ ಒಯ್ದಳು. ಒಬ್ರೆನ್ ಎದ್ದು ಬಂದು ಅವಳ ಹಣೆಗೆ ಮುತ್ತಿಟ್ಟ.

ಸೆಪ್ಟೆಂಬರಿನಲ್ಲಿ ಕೋರ್ಟು ದಿವಾಳಿ ಘೋಷಿಸಿತು. ಗೇಟಿನ ಮೇಲಿದ್ದ ಯಾಸೆನ್ ಎಂಬ ಹೆಸರನ್ನು ಕ್ರೇನು ಹಚ್ಚಿ ಒಂದೊಂದೇ ಅಕ್ಷರ ಇಳಿಸಿದರು. ಅಕ್ಷರಗಳ ಹಿಂದೆ ಗುಬ್ಬಿಗಳು ಗೂಡು ಕಟ್ಟಿದ್ದವು. ಕಾವಲುಗಾರ ಆ ಗೂಡುಗಳನ್ನು ಹುಲ್ಲಿನ ಸಮೇತ ಎತ್ತಿ ತನ್ನ ಗುಡಿಸಲಿನ ಸೂರಿಗೆ ಸಿಕ್ಕಿಸಿದ. ಮರಿಗಳೇನೂ ಇರದ ಕಾಲ, ಆದರೂ ಸಿಕ್ಕಿಸಿದ. ಅಕ್ಟೋಬರಿನಲ್ಲಿ ಎರಡು ದೇಶದ ಬಾವುಟ ಏರಿದವು, ಮಂತ್ರಿಗಳು ಬಂದರು, ಟೀವಿಯವರು ಬಂದರು. ತೆಗೆದುಕೊಳ್ಳುವವರ ಪಟ್ಟಿ ತಿಂಗಳ ಕೊನೆಯ ಸೋಮವಾರ ಗೇಟಿನ ಗಾಜಿಗೆ ಅಂಟಿಸುತ್ತಾರೆ ಎಂದಾಯಿತು.

ಸೋಮವಾರ ಬೆಳಿಗ್ಗೆ ಸೀಟು ವಿಭಾಗದವರೆಲ್ಲ ಒಟ್ಟಿಗೆ ಹೋದರು. ಕೆಲವರು ತಲೆಗೆ ಬಣ್ಣ ಹಾಕಿಸಿಕೊಂಡಿದ್ದರು. ಗಂಡಸರ ಗುಂಪು ಗಾಜಿನ ಮುಂದೆ ಗಿಜಿಗುಡುತ್ತಿತ್ತು. ಹೆಸರು ಸಿಕ್ಕವರು ಕೂಗುತ್ತಿದ್ದರು, ಸಿಗದವರು ಮತ್ತೆ ಮೊದಲಿಂದ ಓದುತ್ತಿದ್ದರು. ಬಣ್ಣ, ಬೆಸುಗೆ, ಎಂಜಿನ್, ಜೋಡಣೆ. ಸೀಟು ಎಂಬ ತಲೆಬರಹದ ಕೆಳಗೆ ಒಂದೇ ಹೆಸರು ಇತ್ತು. ಸ್ಮಿಲ್ಯಾ, ಮಿಲೂತಿನನ ಹೆಂಡತಿ. ಹುದ್ದೆ: ದುರಸ್ತಿ ಹೊಲಿಗೆ.

ಇನ್ನೊಂದು ಹಾಳೆ ಇರಬೇಕು ಎಂದು ಸ್ಮಿಲ್ಯಾ ಹುಡುಕಿದಳು. ಗಾಜಿನ ಆ ಕಡೆ ನೋಡಿದಳು, ಗೋಡೆ ನೋಡಿದಳು. ಹಿಂದಿನಿಂದ ಕೋವಿಲ್ಕಾ ಅವಳ ತೋಳು ಮುಟ್ಟಿದಳು.

"ನಂಗೆ ಕಾಣಲ್ಲ ಕಣೇ. ನಂದು ಎಷ್ಟನೇದು, ಓದಿ ಹೇಳು."

ಸ್ಮಿಲ್ಯಾ ಆ ಒಂದೇ ಹೆಸರನ್ನು ಮತ್ತೆ ಓದಿದಳು.

"ನಿಂದು ಇಲ್ಲ ಕೋವಿಲ್ಕಾ ಅಕ್ಕಾ," ಅಂದಳು ರೂಜಾ. ಅವಳ ದನಿ ಯಾವತ್ತಿನದಲ್ಲ. "ನಂದೂ ಇಲ್ಲ. ಯಾರದ್ದೂ ಇಲ್ಲ. ಇವಳದ್ದು ಒಂದೇ ಇದೆ."

ಕೋವಿಲ್ಕಾಳ ಕೈ ಸ್ಮಿಲ್ಯಾಳ ತೋಳಿನ ಮೇಲೆ ಇನ್ನೊಂದು ಗಳಿಗೆ ಇತ್ತು. ಆಮೇಲೆ ಇರಲಿಲ್ಲ. ಸ್ಲಾವಿತ್ಸಾ ಹತ್ತಿರ ಬಂದು, ಹಾಳೆಯನ್ನು ಒಮ್ಮೆ ನೋಡಿ, ತಿರುಗಿ ನಡೆದಳು. ಒಬ್ಬೊಬ್ಬರಾಗಿ ಎಲ್ಲರೂ ಹೋದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಮೂವತ್ತೊಂದು ವರ್ಷದಲ್ಲಿ ಅವರು ಹಾಗೆ ಸುಮ್ಮನಿದ್ದದ್ದನ್ನು ಸ್ಮಿಲ್ಯಾ ಕಂಡಿರಲಿಲ್ಲ.

ಕೊನೆಗೆ ಉಳಿದ ರೂಜಾ, "ಒಳ್ಳೇದಾಗ್ಲಿ, *ಕೂಮಾ*," ಅಂದಳು. ಅವಳು ಯಾವತ್ತೂ ಸ್ಮಿಲ್ಯಾಳನ್ನು ಹಾಗೆ ಕರೆದವಳಲ್ಲ.

ಒಬ್ರೆನ್ ಈಗ ಆಡಳಿತ ಕಟ್ಟಡದ ಎರಡನೇ ಮಹಡಿಯಲ್ಲಿ ಕೂರುತ್ತಿದ್ದ. ಬಾಗಿಲ ಮೇಲೆ ಎರಡು ಭಾಷೆಯಲ್ಲಿ ಹೆಸರಿತ್ತು: ಕಾರ್ಮಿಕ ಸಲಹೆಗಾರ. ಹೊಸ ಮೇಜು, ಇನ್ನೂ ಪ್ಲಾಸ್ಟಿಕ್ ಬಿಚ್ಚದ ಕುರ್ಚಿ. ಸ್ಮಿಲ್ಯಾಳನ್ನು ಕಂಡೊಡನೆ ಅವನು ಎರಡೂ ಕೈ ಚಾಚಿಕೊಂಡು ಎದ್ದ.

"ನೋಡಿದ್ಯಾ ಕೂಮಾ? ಕೂಮ್ ಮರೆತನಾ ನಿನ್ನ?"

"ಉಳಿದವರು?"

ಅವನ ಕೈಗಳು ಕೆಳಗಿಳಿದವು. "ಸೀಟು ಸ್ಪೇನಿನಿಂದ ಹೊಲಿದೇ ಬರುತ್ತೆ. ಅಲ್ಲೇ ಯಾವುದೋ ಕಂಪನಿ ಮಾಡಿಕೊಡುತ್ತೆ ಅವರಿಗೆ. ದಾರೀಲಿ ಹರಿದದ್ದನ್ನ ಸರಿಮಾಡೋಕೆ ಇಲ್ಲಿ ಒಬ್ಬಳು ಸಾಕು."

"ಇದು ನಿನಗೆ ಯಾವಾಗ ಗೊತ್ತಾಯ್ತು?"

ಅವನು ಮಡಿಸಿದ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ, ಅಷ್ಟು ಮಟ್ಟಿಗೆ ಅವನು ಪ್ರಾಮಾಣಿಕ.

"ಜುಲೈನಲ್ಲಿ."

ಚಪ್ಪರದ ಕೆಳಗೆ ಅವನು ಕುಡಿಯದೆ ಹಿಡಿದುಕೊಂಡಿದ್ದ ಲೋಟ ಸ್ಮಿಲ್ಯಾಳಿಗೆ ನೆನಪಾಯಿತು.

"ಕೇಳು," ಅಂದ ಅವನು, ದನಿ ತಗ್ಗಿಸಿ. "ನೀವು ಮೂವತ್ತೆಂಟು ಹೆಂಗಸರು ಗೇಟಲ್ಲಿ ಕೂತಿದ್ರೆ ಟೀವಿಯವರು ಬರ್ತಿದ್ರು. ಸ್ಪೇನಿನವರು ಎದ್ದು ಹೋಗ್ತಿದ್ರು. ಒಂದು ಸಾವಿರ ಜನರ ಕೆಲಸ ಉಳಿಸಿದೀನಿ ನಾನು. ಒಂದು ಸಾವಿರ! ಅದರಲ್ಲಿ ನಿನಗೆ ಅಂತ ಒಂದು ಜಾಗ ಇಡಿಸೋಕೆ ಎಷ್ಟು ಜನರ ಕಾಲು ಹಿಡಿದೆ ಗೊತ್ತಾ?"

"ನಾನು ಕೇಳಿದ್ನಾ ನಿನ್ನ?"

"ಕೂಮ್ ಕೇಳಿಸ್ಕೊಂಡು ಕೊಡ್ತಾನಾ? ಮಿಲೂತಿನ್ ಔಷಧಿ ಯಾರು ತರ್ತಾರೆ?"

"ಅವರಿಗೆಲ್ಲ ನಾನು ಮಾತು ಕೊಟ್ಟಿದ್ದೆ."

"ನೀನು ಕೊಟ್ಟಿದ್ದಲ್ಲ, ನಾನು ಕೊಟ್ಟಿದ್ದು. ನನ್ನ ಬೈಕೊಳ್ಳಲಿ ಬಿಡು, ನಂಗೆ ಅಭ್ಯಾಸ."

"ಅವರು ಸಹಿ ಹಾಕಿದ್ದು ನನಗೆ."

ಅವನು ಮೇಜಿನಿಂದ ಒಂದು ಲಕೋಟೆ ತೆಗೆದು ಅವಳ ಚೀಲದೊಳಗೆ ತಾನೇ ಇಟ್ಟ. ನವೆಂಬರ್ ಎರಡು, ಸೋಮವಾರ, ಏಳು ಗಂಟೆಗೆ ಹಾಜರಾಗಬೇಕು. ಬಾಗಿಲವರೆಗೆ ಬಂದು, "ಶನಿವಾರ ಸಂತ ಲೂಕಾನ ಹಬ್ಬಕ್ಕೆ ಬರ್ತೀವಲ್ಲ, ಆಗ ಮಾತಾಡೋಣ," ಅಂದ.

ಸಂತ ಲೂಕಾ ಮಿಲೂತಿನನ ಮನೆಸಂತ. ಮನೆಸಂತನ ಹಬ್ಬಕ್ಕೆ ಯಾರನ್ನೂ ಕರೆಯುವುದಿಲ್ಲ. ಬರಬೇಕೆನಿಸಿದವರು ಬರುತ್ತಾರೆ, ಬಂದವರಿಗೆ ಬಾಗಿಲು ತೆರೆದಿರುತ್ತದೆ. ಸ್ಮಿಲ್ಯಾ ಸೊಸೆಯಾಗಿ ಬಂದಾಗಿನಿಂದ ಪ್ರತಿ ವರ್ಷ ಸೀಟು ವಿಭಾಗದವರು ಕೆಲಸ ಮುಗಿಸಿ ಹಿಂಡಾಗಿ ಬರುತ್ತಿದ್ದರು. ಕುರ್ಚಿ ಸಾಲದೆ ಮಂಚದ ಮೇಲೆ, ಕಿಟಕಿಯ ಕಟ್ಟೆಯ ಮೇಲೆ ಕೂರುತ್ತಿದ್ದರು. ಕರೆಯುವ ಪದ್ಧತಿ ಇದ್ದಿದ್ದರೆ ಈ ಸಲ ಹೋಗಿ ಕರೆಯಬಹುದಿತ್ತು, ಬೈಸಿಕೊಳ್ಳಬಹುದಿತ್ತು. ಹಾಗೂ ಮಾಡುವಂತಿರಲಿಲ್ಲ.

ಗುರುವಾರದಿಂದಲೇ ಅವಳು ಅಡುಗೆಗೆ ನಿಂತಳು. ಹುಳಿ ಬರಿಸಿದ ಕೋಸಿನೆಲೆಯಲ್ಲಿ ಮಾಂಸ, ಅಕ್ಕಿ ತುಂಬಿ ಸುತ್ತಿ ದೊಡ್ಡ ಮಡಕೆಯಲ್ಲಿ ಜೋಡಿಸಿದಳು. ಗೋಧಿ ಬೇಯಿಸಿ, ಅಕ್ರೋಟು, ಸಕ್ಕರೆ ಬೆರೆಸಿದಳು. ಮಿಲೂತಿನ್ ಬಾಗಿಲಿಗೆ ಒರಗಿ ನೋಡುತ್ತಿದ್ದ.

"ಈ ಸಲ ಸ್ವಲ್ಪ ಕಮ್ಮಿ ಮಾಡ್ಬಾರ್ದಾ?"

"ಎಷ್ಟು ಕಮ್ಮಿ?"

ಅವನು ಕೂತು ಅಕ್ರೋಟು ಒಡೆಯತೊಡಗಿದ. ಸ್ವಲ್ಪ ಹೊತ್ತಿನ ಮೇಲೆ, "ನಾನೇ ಅವತ್ತು 'ಕೂಮ್ ಹೇಳ್ತಿದಾನಲ್ಲ' ಅಂದಿದ್ದು," ಅಂದ. ಸ್ಮಿಲ್ಯಾ ಅವನ ಮುಂದೆ ಇನ್ನೊಂದು ಬಟ್ಟಲು ಅಕ್ರೋಟು ಇಟ್ಟಳು. ಮಗಳು ನೋವಿಸಾದ್‌ನಿಂದ ಫೋನು ಮಾಡಿದಾಗ ಸ್ಮಿಲ್ಯಾ ಎಲ್ಲ ಸರಿಯಿದೆ ಎಂದಳು.

ಶನಿವಾರ ಮಿಲೂತಿನ್ ಸಂತನ ಪಟದ ಮುಂದೆ ಉದ್ದದ ಮೇಣದಬತ್ತಿ ಹಚ್ಚಿದ. ಮನೆಯ ಯಜಮಾನ ಅವತ್ತು ಕೂರಬಾರದು. ಗೋಡೆಗೆ ಕೈಯೂರಿ, ಕೆಮ್ಮುತ್ತ ನಿಂತೇ ಇದ್ದ. ಹನ್ನೆರಡಾಯಿತು. ಪಕ್ಕದ ಮನೆಯವರು ಬಂದು ತಿಂದು ಹೋದರು. ಒಂದಾಯಿತು, ಎರಡಾಯಿತು. ಸ್ಮಿಲ್ಯಾ ಮೂರು ಸಲ ಹೋಗಿ ಗೇಟಿನ ಚಿಲಕ ತೆರೆದಿದೆಯೇ ನೋಡಿ ಬಂದಳು.

ಮೂರಕ್ಕೆ ಒಬ್ರೆನ್ ಬಂದ. ಕೈಯಲ್ಲಿ ಕೆಂಪು ವೈನು, ಹಿಂದೆ ಹೂವು ಹಿಡಿದ ಹೆಂಡತಿ. ಮೂರು ಸಲ ಮಿಲೂತಿನನ ಕೆನ್ನೆಗೆ ಮುತ್ತಿಟ್ಟು, ಯಾವತ್ತಿನಂತೆ ಮೇಜಿನ ಮುಖ್ಯ ಜಾಗದಲ್ಲಿ ಕೂತ. ಹಬ್ಬದ ದಿನ ಬಂದವರನ್ನು ಹೋಗಿ ಅನ್ನುವಂತಿಲ್ಲ, ಅದರಲ್ಲೂ ಕೂಮ್‌ನನ್ನು. ಸ್ಮಿಲ್ಯಾ ಗೋಧಿಯ ಬಟ್ಟಲು ಮುಂದೆ ಹಿಡಿದಳು. ಅವನು ಶಿಲುಬೆಯ ಗುರುತು ಮಾಡಿಕೊಂಡು ಒಂದು ಚಮಚ ತೆಗೆದುಕೊಂಡ.

"ಬ್ರೆಡ್ಡು ಮುರಿಯೋಣ್ವಾ?" ಅಂದ. "ಯಾರಿಗಾದ್ರೂ ಕಾಯ್ತಿದೀರಾ?"

ಆಗ ಗೇಟಿನ ಸದ್ದಾಯಿತು. ರೂಜಾ ಕೋವಿಲ್ಕಾಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿಸುತ್ತಿದ್ದಳು. "ಇನ್ನೊಂದು ಇದೆ ನೋಡು. ಎತ್ತು ಕಾಲು. ಹಾಂ." ಒಳಗಿದ್ದ ಒಬ್ರೆನ್‌ನನ್ನು ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟಳು.

"ಬಾ ರೂಜಾ," ಅಂದಳು ಸ್ಮಿಲ್ಯಾ.

"ನಾನು ಸಂತನ ಹತ್ರ ಬಂದಿದೀನಿ. ನಿನ್ನ ಹತ್ರ ಅಲ್ಲ. ಈ ಅಮ್ಮ ಒಬ್ಬಳೇ ಹೊರಟಿದ್ಲು, ಬಸ್ಸಿನ ನಂಬರೂ ಕಾಣದೆ."

"ಯಾರಿದಾರೆ ಒಳಗೆ?" ಕೋವಿಲ್ಕಾ ಕಣ್ಣು ಕಿರಿದು ಮಾಡಿ ನೋಡಿದಳು.

"ಅಧ್ಯಕ್ಷರು."

"ಇರ್ಲಿ ಬಿಡು. ಇವತ್ತು ಇದು ಸಂತನ ಮನೆ, ಯಾರು ಬೇಕಾದ್ರೂ ಬರಬಹುದು." ಕೋವಿಲ್ಕಾ ತಡವಿ ಒಂದು ಕುರ್ಚಿ ಹಿಡಿದು ಕೂತಳು. ರೂಜಾ ಕೂರಲಿಲ್ಲ. ಗೋಧಿಯನ್ನು ನಿಂತೇ ತಿಂದಳು, ವೈನು ಬೇಡವೆಂದಳು.

ಸ್ಮಿಲ್ಯಾ ಹಬ್ಬದ ಬ್ರೆಡ್ಡನ್ನು ತಂದಳು. ಹಿಟ್ಟಿನಲ್ಲೇ ದ್ರಾಕ್ಷಿ ಗೊಂಚಲು, ಹಕ್ಕಿ ಮಾಡಿ ಅಂಟಿಸಿದ ದುಂಡನೆಯ ಬ್ರೆಡ್ಡು. ಅದನ್ನು ಮನೆಯ ಯಜಮಾನ ಒಂದು ಕಡೆ, ಕೂಮ್ ಇನ್ನೊಂದು ಕಡೆ ಹಿಡಿದು, ಮೂರು ಸುತ್ತು ತಿರುಗಿಸಿ, ವೈನು ಸುರಿದು ಎರಡಾಗಿ ಮುರಿಯುವುದು. ಇಪ್ಪತ್ತೊಂಬತ್ತು ವರ್ಷ ಈ ಮೇಜಿನಲ್ಲಿ ಆ ಇನ್ನೊಂದು ಕಡೆ ಒಬ್ರೆನ್‌ನ ಮೂರು ಬೆರಳಿನ ಕೈ ಇತ್ತು. ಅವನು ಅಂಗಿಯ ತೋಳು ಮಡಚಿಕೊಂಡು ಎದ್ದು ನಿಂತ.

ಸ್ಮಿಲ್ಯಾ ಬ್ರೆಡ್ಡನ್ನು ಹಿಡಿದುಕೊಂಡು ಅವನ ಮುಂದೆ ಹಾದುಹೋದಳು. ಕೋವಿಲ್ಕಾಳ ಮುಂದೆ ನಿಂತು, ಅವಳ ಕೈಯನ್ನು ಎತ್ತಿ ಬ್ರೆಡ್ಡಿನ ಅಂಚಿಗೆ ಇಟ್ಟಳು. ಕಾಗದದ ಗೆರೆಯ ಮೇಲೆ ಇಟ್ಟ ಅದೇ ಕೈ.

"ಇದೇನೇ, ನಂಗ್ಯಾಕೆ?" ಅಂದಳು ಕೋವಿಲ್ಕಾ.

"ಹಿಡ್ಕೋ ಅಕ್ಕಾ."

ಮಿಲೂತಿನ್ ಹೆಂಡತಿಯನ್ನು ನೋಡಿದ. ಕೂಮ್‌ನನ್ನು ನೋಡಿದ. ಒಂದು ಚಳಿಗಾಲವಿಡೀ ತನ್ನ ಕಾಲಿಗೆ ಹೊದಿಸಿದ ಮೇಲಂಗಿ ಅವನಿಗೆ ನೆನಪಾಗಿರಬೇಕು, ಕಣ್ಣು ತುಂಬಿಕೊಂಡವು. ಆದರೆ ಬಂದು ಇನ್ನೊಂದು ಕಡೆ ಹಿಡಿದ. ಬ್ರೆಡ್ಡು ತಿರುಗಿತು. ಕೋವಿಲ್ಕಾಳಿಗೆ ಅಭ್ಯಾಸವಿಲ್ಲದೆ ವೈನು ಮೇಜುಬಟ್ಟೆಗೆ ಚೆಲ್ಲಿತು. ಒಬ್ರೆನ್‌ನ ಹೆಂಡತಿ ತನ್ನ ಕರವಸ್ತ್ರ ತೆಗೆದು, ತಲೆ ತಗ್ಗಿಸಿಕೊಂಡು, ಚೆಲ್ಲಿದ್ದನ್ನು ಒರೆಸಿದಳು.

ಒಬ್ರೆನ್ ಟೊಪ್ಪಿ ತೆಗೆದುಕೊಂಡ. ಅವನ ದೊಡ್ಡ ಮುಖ ಬಿಳಿಚಿತ್ತು. ಸ್ಮಿಲ್ಯಾ ಮನೆಯೊಡತಿಯಾಗಿ ಗೇಟಿನವರೆಗೆ ಬಂದಳು. ಬ್ರೆಡ್ಡಿನ ಒಂದು ತುಂಡನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಬಂದವರನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ.

"ಮೂರು ತಲೆಮಾರು, ಕೂಮಾ," ಅಂದ ಅವನು.

"ಹೌದು. ನೀವು ಅದನ್ನ ಮೂವತ್ತೇಳು ಕಾಗದಕ್ಕೆ ಕೊಟ್ಟುಬಿಟ್ರಿ."

ಅವಳು ನೀವು ಅಂದದ್ದು ಅವನಿಗೆ ತಾಗಿತು. "ಸೋಮವಾರ?" ಎಂದು ಕೇಳಿದ.

"ನಾನು ಬರಲ್ಲ. ಆ ಜಾಗ ರೂಜಾಗೆ ಕೊಡಿ."

"ಪಟ್ಟಿ ಮಾಡ್ರಿಡ್‌ನಲ್ಲಿ ಆಗಿದ್ದು. ಹೆಸರು ಬದಲಾಗಲ್ಲ."

"ಹಾಗಾದ್ರೆ ಒಂದು ಹೆಸರು ಕಮ್ಮಿ ಆಗ್ಲಿ."

ಅವನ ಹೆಂಡತಿ ಬ್ರೆಡ್ಡಿನ ಗಂಟನ್ನು ತೆಗೆದುಕೊಂಡು ಸ್ಮಿಲ್ಯಾಳ ಕೈಯನ್ನು ಒಮ್ಮೆ ಅದುಮಿದಳು. ಅವನು ತಿರುಗಿ ನೋಡದೆ ಹೋದ.

ಒಳಗೆ ರೂಜಾ ಮಡಕೆಯ ಮುಚ್ಚಳ ಎತ್ತಿ ನೋಡುತ್ತಿದ್ದಳು. "ನಲವತ್ತು ಜನಕ್ಕೆ ಮಾಡಿದೀಯಲ್ಲೇ, ಹುಚ್ಚಿ."

"ಬೇರೆಯವರು ಬರ್ತಾರಾ?"

"ಇಲ್ಲ."

"ಕೆಲಸಕ್ಕೆ ಹೋಗಲ್ಲ ಅಂತ ಅವನಿಗೆ ಹೇಳಿದೆ. ಸರಿ ಮಾಡಿದ್ನಾ ರೂಜಾ?"

"ನನ್ನ ಕೇಳ್ಬೇಡ. ನಿನ್ನ ಮಾತು ಕೇಳಿ ನಾನೊಂದ್ಸಲ ಸಹಿ ಹಾಕಿದೀನಿ. ನೀನು ನನ್ನ ಮಾತು ಕೇಳಿ ಏನೂ ಮಾಡ್ಬೇಡ." ಅವಳು ಮುಚ್ಚಳ ಮುಚ್ಚಿದಳು. "ನೀನು ಹೋಗ್ದೆ ಇದ್ದ ಮಾತ್ರಕ್ಕೆ ಸ್ಲಾವಿತ್ಸಾ ಮನೇಲಿ ಒಲೆ ಹತ್ತಲ್ಲ, ಅದು ನೆನಪಿರ್ಲಿ. ನಿನ್ನ ಸಮಾಧಾನ ನಿನಗೆ."

ಅಷ್ಟರಲ್ಲಿ ಕೋವಿಲ್ಕಾ, "ದಿನಾ ದಾರ ಪೋಣಿಸ್ತಿದ್ರಲ್ಲ, ನಂಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ?" ಅಂದಳು, ಯಾರಿಗೆಂದಿಲ್ಲ. "ನೀಲಿ ದಾರ ಇದ್ರೆ ಸ್ಮಿಲ್ಯಾ. ದಾರದ ತುದಿ ಉದ್ದ ಬಿಟ್ಟಿದ್ರೆ ರೂಜಾ." ರೂಜಾ ಕಿಟಕಿಯ ಕಡೆ ತಿರುಗಿಕೊಂಡಳು. ಹೊರಡುವ ಮುಂಚೆ ಒಂದು ಲೋಟ ವೈನು ಕುಡಿದಳು, ಆದರೆ ನಿಂತೇ ಕುಡಿದಳು.

ಸೋಮವಾರ ಏಳು ಗಂಟೆಗೆ ಕಾರ್ಖಾನೆಯ ಸೈರನ್ ಕೂಗಿತು. ಹೊಸ ಕಂಪನಿಯವರು ಹಳೆಯ ಸೈರನ್ನನ್ನು ಬದಲಾಯಿಸಿರಲಿಲ್ಲ. ಸ್ಮಿಲ್ಯಾ ಆಗ ಸ್ಲಾವಿತ್ಸಾಳ ಮನೆಯ ಬೀದಿಯಲ್ಲಿದ್ದಳು. ಕೈಯಲ್ಲಿ ಅದೇ ಚೀಲ. ಮೂವತ್ತೇಳು ಮನೆಗೂ ಹೋಗಿ, ನಾನು ಕೊಟ್ಟ ಮಾತು ಸುಳ್ಳಾಯಿತು ಎಂದು ತನ್ನ ಬಾಯಿಂದ ಹೇಳಬೇಕು ಎಂದು ಹೊರಟಿದ್ದಳು. ಆಮೇಲೆ ಅವರು ಏನು ಅನ್ನುತ್ತಾರೋ ಅನ್ನಲಿ. ಮೊದಲನೇ ಮನೆಯವಳು ಕೇಳಿಸಿಕೊಂಡು ಬಾಗಿಲು ಹಾಕಿದ್ದಳು. ಎರಡನೆಯವಳು ಹೊರಗೇ ನಿಲ್ಲಿಸಿ ಬಾಯಿಗೆ ಬಂದಂತೆ ಬೈದು, ಕೊನೆಗೆ ಮಳೆ ಬರುವ ಹಾಗಿದೆ ಎಂದು ಒಂದು ಹಳೆಯ ಕೊಡೆ ಕೊಟ್ಟಿದ್ದಳು.

ಮೂರನೆಯದು ಸ್ಲಾವಿತ್ಸಾಳದು. ಸ್ಮಿಲ್ಯಾ ಕೊಡೆಯನ್ನು ಗೋಡೆಗೆ ಒರಗಿಸಿ ಬಾಗಿಲು ತಟ್ಟಿದಳು. ಒಳಗೆ ರೇಡಿಯೋ ನಿಂತಿತು. ಹೆಜ್ಜೆಯ ಸದ್ದು ಬಾಗಿಲವರೆಗೆ ಬಂದು ನಿಂತಿತು. ಚಿಲಕ ತೆಗೆಯಲಿಲ್ಲ. ಈ ಕಡೆ ಸ್ಮಿಲ್ಯಾ, ಆ ಕಡೆ ಸ್ಲಾವಿತ್ಸಾ. ಉಸಿರಾಡುವುದು ಕೇಳುತ್ತಿತ್ತು.

"ಸ್ಲಾವಿತ್ಸಾ, ತೆಗೀದಿದ್ರೂ ಪರವಾಗಿಲ್ಲ," ಅಂದಳು ಸ್ಮಿಲ್ಯಾ. "ಅಲ್ಲೇ ನಿಂತು ಕೇಳು." ಅವಳು ಹೇಳಲು ಶುರುಮಾಡಿದಳು.